ನಾಡಿ ಎಣಸ್ರಿ, ಡಾಕ್ಟರ ಸಾಹೇಬ್ರ!

“ಏ ಹುಡುಗಿ, ಕೈ ತಗಿ! ಆಕಿ ಕುತ್ತಿಗಿ ಮ್ಯಾಲಿಂದ ಮದಲ ಕೈ ತಗಿ!”

ವಿಜಾಪುರದಿಂದ ಟಿಕೋಟಾಕ್ಕೆ ಹೊರಟಿದ್ದ ಕೆಂಪು ಬಸ್ಸಿನಲ್ಲಿ ಆ ಗಂಡುದನಿ ಗುಡುಗಿದಾಗ ಕೂತವರೆಲ್ಲ ತಿರುಗಿ ನೋಡಿದರು.

ನಜಮಾ ಮಾತ್ರ ತಿರುಗಲಿಲ್ಲ.

ಅವಳ ತೊಡೆಯ ಮೇಲೆ ಶಂಕ್ರೆವ್ವನ ತಲೆ ಇತ್ತು. ಟಿಕೋಟಾದವಳೇ ಆದ ಆ ನಡುವಯಸ್ಸಿನ ಹೆಂಗಸು ಬಸ್ ಹತ್ತುವಾಗ ಚೆನ್ನಾಗಿಯೇ ಇದ್ದಳು. ಊರು ದಾಟಿದ ಮೇಲೆ ಇದ್ದಕ್ಕಿದ್ದಂತೆ ಎದೆ ಹಿಡಿದುಕೊಂಡಿದ್ದಳು. ಹಣೆಯ ತುಂಬ ಬೆವರು... ತುಟಿ ಒಣಗಿತ್ತು... “ಎದಿ ಒಡೀತೈತಿ ಯವ್ವಾ, ನಾ ಉಳಿಯಂಗಿಲ್ಲ!” ಎಂದು ನರಳುತ್ತಿದ್ದಳು.

ನಜಮಾ ಎರಡೂ ಕೈಯ ಬೆರಳುಗಳನ್ನು ಶಂಕ್ರೆವ್ವನ ತಲೆಬುರುಡೆಯ ಬುಡಕ್ಕೆ, ಕುತ್ತಿಗೆ ಶುರುವಾಗುವ ಜಾಗಕ್ಕೆ ಕೊಟ್ಟು ಹಗುರಾಗಿ ಎತ್ತಿ ಹಿಡಿದಿದ್ದಳು. ಒತ್ತುತ್ತಿರಲಿಲ್ಲ. ತಿರುವುತ್ತಿರಲಿಲ್ಲ. ಸುಮ್ಮನೆ ಹಿಡಿದು ಕಾಯುತ್ತಿದ್ದಳು.

“ಕೇಳಿಸ್ಲಿಲ್ಲೇನು? ನಾನು ಡಾಕ್ಟರ ಇದ್ದೇನಿ!”

ಈಗ ತಲೆ ಎತ್ತಿದಳು ನಜಮಾ. ಬಿಳಿ ಶರ್ಟು, ಕೈಯಲ್ಲಿ ಚರ್ಮದ ಚೀಲ, ಸಿಟ್ಟಿಗೆ ಕೆಂಪಾದ ಮುಖ... ವಯಸ್ಸು ಮೂವತ್ತು ಕೂಡ ದಾಟಿರಲಿಕ್ಕಿಲ್ಲ.

“ಡಾಕ್ಟರ ಇದ್ರ ಒದರಬ್ಯಾಡ್ರಿ. ಇಲ್ಲೆ ಕುಂದರ್ರಿ. ಈಕಿ ಕೈ ಹಿಡದು ನಾಡಿ ಎಣಸ್ರಿ.”

“ಏನಂದಿ?”

“ನಾಡಿ ಎಣಸ್ರಿ, ಡಾಕ್ಟರ ಸಾಹೇಬ್ರ! ಎಣಿಸಿ ಆಮ್ಯಾಲ ನನ್ನ ಬೈರಿ. ಬ್ಯಾಡ ಅನ್ನಂಗಿಲ್ಲ.”

ಬಸ್ಸಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅವನ ಮುಖ ಇನ್ನಷ್ಟು ಕೆಂಪಾಯಿತು. ಆದರೂ ಡಾಕ್ಟರನಲ್ಲವೇ... ಮಂಡಿಯೂರಿ ಕೂತು ಶಂಕ್ರೆವ್ವನ ಮಣಿಕಟ್ಟು ಹಿಡಿದು ಗಡಿಯಾರ ನೋಡಿದ.

“ನೂರಾ ಮೂವತ್ತೆರಡು!” ಎಂದ ಗಾಬರಿಯಲ್ಲಿ.

“ಭಾಳ ಜೋರ ಓಡಾಕತ್ತೇತಿ. ಖರೆ ಹೆಜ್ಜಿ ತಪ್ಪಿಲ್ಲ, ನೋಡ್ರಿ. ಹೆಜ್ಜಿ ತಪ್ಪಿದ್ರ ನಾನೂ ಕೈ ಹಚ್ಚತಿರಲಿಲ್ಲ.”

ಅವನು ಮತ್ತೆ ಬೆರಳಿಟ್ಟು ನೋಡಿದ. ಹೌದು... ವೇಗವಿತ್ತು, ಆದರೆ ತಾಳ ತಪ್ಪಿರಲಿಲ್ಲ. ಈ ಹುಡುಗಿಗೆ ಅದು ಹೇಗೆ ಗೊತ್ತು?

ನಜಮಾ ಒಂದು ಕೈಯನ್ನು ಕೆಳಗಿಳಿಸಿ ಶಂಕ್ರೆವ್ವನ ಪಕ್ಕೆಲುಬುಗಳ ಅಂಚಿಗೆ ಇಟ್ಟಳು. “ಯವ್ವಾ, ನನ್ನ ಕೈ ಎಲ್ಲೆ ಐತಿ ಅಲ್ಲಿತನಾ ಉಸರ ತಗೋ... ಹಾಂ... ಸಾವಕಾಶ ಬಿಡು...”

ಹತ್ತು ನಿಮಿಷವಾಯಿತು. ಬಸ್ಸು ಜೋಳದ ಹೊಲಗಳ ನಡುವೆ ಸಾಗುತ್ತಿತ್ತು. ಶಂಕ್ರೆವ್ವನ ಮುಖಕ್ಕೆ ಬಣ್ಣ ಮರಳಿತು.

“ಈಗ ಎಣಸ್ರಿ.”

ಅವನು ಒಮ್ಮೆ ಎಣಿಸಿದ. ನಂಬಿಕೆಯಾಗದೆ ಇನ್ನೊಮ್ಮೆ ಎಣಿಸಿದ.

“ಎಷ್ಟ ಐತ್ರಿ?” ಕಂಡಕ್ಟರ್ ಕೂಡ ಟಿಕೆಟ್ ಹರಿಯುವುದು ಬಿಟ್ಟು ಬಗ್ಗಿ ಕೇಳಿದ.

“ಎಂಬತ್ತಾರು...” ಎಂದ ಡಾಕ್ಟರ. ನಂತರ ಗಂಟಲು ಸರಿಮಾಡಿಕೊಂಡು, “ಇಂಥಾವು ತಾವೇ ಇಳೀತಾವ. ಮಲಗಿದ್ರೂ ಇಳೀತಿತ್ತು. ಇದರಾಗ ನಿನ್ನ ಕೈಗುಣ ಏನೂ ಇಲ್ಲ,” ಎಂದ.

ನಜಮಾ ಸೆರಗಿನಿಂದ ಶಂಕ್ರೆವ್ವನ ಬೆವರು ಒರೆಸುತ್ತ ಅವನ ಕಣ್ಣಲ್ಲಿ ಕಣ್ಣಿಟ್ಟು ಕೇಳಿದಳು.

“ಮಲಗಿಸಿ ನೋಡೀರೇನು? ನೋಡದ ಹೆಂಗ ಹೇಳ್ತೀರಿ?”

ಅವನು ಚೀಲ ಎತ್ತಿಕೊಂಡು ತನ್ನ ಸೀಟಿಗೆ ಮರಳಿದ.

ಅವನ ಹೆಸರು ಸೈಫುದ್ದೀನ. ವಿಜಾಪುರದ ಗಾಂಧಿ ಚೌಕದಲ್ಲಿ ಬಳೆ ಅಂಗಡಿ ಇಟ್ಟುಕೊಂಡು ಒಬ್ಬನೇ ಮಗನನ್ನು ಡಾಕ್ಟರ್ ಓದಿಸಿದ ವಿಧವೆ ಮುಮತಾಜಳ ಮಗ. ವಿಜಾಪುರದ ವ್ಯಾಪಾರಸ್ಥರ ಒಂದು ಸಂಸ್ಥೆ ಟಿಕೋಟಾದಲ್ಲೂ ಬಬಲೇಶ್ವರದಲ್ಲೂ ಧರ್ಮಾರ್ಥ ದವಾಖಾನೆ ನಡೆಸುತ್ತಿತ್ತು. ಅದರ ಟಿಕೋಟಾ ಶಾಖೆಗೆ ಹೊಸ ಡಾಕ್ಟರನಾಗಿ ಅವನು ಬಂದದ್ದು 1977ರ ಆ ಚಳಿಗಾಲದ ಬೆಳಿಗ್ಗೆ, ಅದೇ ಬಸ್ಸಿನಲ್ಲಿ.

ನಜಮಾ ಟಿಕೋಟಾದ ಮುರ್ತುಜಾಸಾಬರ ಮಗಳು. ಉಳುಕು ತೆಗೆಯುವುದು, ಸರಿದ ಎಲುಬು ಕೂಡಿಸುವುದು, ಹಿಡಿದುಕೊಂಡ ಬೆನ್ನು ಸಡಿಲಿಸುವುದು ಆ ಮನೆಯ ಮೂರು ತಲೆಮಾರಿನ ಕೆಲಸ. ಎರಡು ವರ್ಷದ ಹಿಂದೆ ಮುರ್ತುಜಾಸಾಬರಿಗೆ ಲಕ್ವಾ ಹೊಡೆದು ಬಲಗೈ ಬಿದ್ದುಹೋಗಿತ್ತು. ಗಂಡುಮಕ್ಕಳಿರಲಿಲ್ಲ. “ಇನ್ನ ಮುಗೀತು ಆ ಮನಿ ವಿದ್ಯಾ,” ಎಂದು ಊರು ಮಾತಾಡಿಕೊಂಡಾಗ ಏಳನೆಯ ತರಗತಿ ಓದಿದ ನಜಮಾ ಅಂಗಳದಲ್ಲಿ ಚಾಪೆ ಹಾಸಿ, “ಬರ್ರಿ, ಯಾರಿಗೆ ಏನ ನೋವೈತಿ?” ಎಂದು ಕೂತಿದ್ದಳು.

ಅದೇನೂ ಸುಲಭವಾಗಿರಲಿಲ್ಲ. ಮದುವೆಯ ಮಾತು ತಂದವರು ಎರಡು ಸಲ, “ಮಂದೀ ಮೈ ಮುಟ್ಟಾಕಿನ್ನ ಹೆಂಗ ಮಾಡ್ಕೊಳ್ಳೂದು?” ಎಂದು ಎದ್ದುಹೋಗಿದ್ದರು. ಎರಡನೆಯ ಸಲ ನಜಮಾ ಬಾಗಿಲತನಕ ಬಂದು, “ಚಪ್ಪಲಿ ಮರೀಬ್ಯಾಡ್ರಿ,” ಎಂದು ಹೇಳಿ ಕಳಿಸಿದ್ದಳು.

ಬಸ್ಸಿನ ಘಟನೆಯಾಗಿ ನಾಲ್ಕು ದಿನಕ್ಕೆ ಸೈಫುದ್ದೀನ ಅವಳ ಅಂಗಳಕ್ಕೆ ಬಂದ. ಕೈಯಲ್ಲಿ ಒಂದು ದಪ್ಪ ನೋಟ್‌ಬುಕ್ಕು.

“ನೀವು ಕೇಳಿದ್ದು ಸರಿ ಇತ್ತು,” ಎಂದ, ನಿಂತಲ್ಲೇ. “ನೋಡದ ಹೇಳಿದ್ದು ನನ್ನ ತಪ್ಪು. ಈಗ ನೋಡಾಕ ಬಂದೇನಿ.”

'ನೀ' ಹೋಗಿ 'ನೀವು' ಬಂದದ್ದನ್ನು ನಜಮಾ ಗಮನಿಸಿದಳು. ಆದರೂ ಬಿಗುಮಾನ ಬಿಡಲಿಲ್ಲ.

“ಹೆಂಗ ನೋಡ್ತೀರಿ?”

“ನೀವು ಕೈ ಹಚ್ಚೂಕಿಂತ ಮದಲ ನಾಡಿ ಎಣಸ್ತೇನಿ. ಹಚ್ಚಿದ ಮ್ಯಾಲ ಎಣಸ್ತೇನಿ.”

“ಅಷ್ಟ ಸಾಲಂಗಿಲ್ರಿ,” ಎಂದಳು ನಜಮಾ. “ಮಲಗಿದ್ರೂ ಇಳೀತದ ಅಂತ ನೀವ ಹೇಳಿದ್ರಿ. ಹಂಗಾದ್ರ ಮದಲ ಒಂದಿನ ಸುಮ್ಮನ ಮಲಗಿಸಿ ಎಣಸ್ರಿ. ಇನ್ನೊಂದಿನ ನಾನು ಕೈ ಹಚ್ಚತೇನಿ. ಎರಡೂ ಬರದು ಬಾಜೂಕ ಇಡ್ರಿ. ಆಗ ಖರೇ ಏನು, ಸುಳ್ಳೇನು ಗೊತ್ತಾಕ್ಕತಿ.”

ಸೈಫುದ್ದೀನ ಅವಳನ್ನೇ ನೋಡಿದ. ಐದು ವರ್ಷ ವೈದ್ಯಕೀಯ ಓದಿದವನಿಗೆ ಹೊಳೆಯದ ಮಾತು!

ಮೂಲೆಯ ಹೊರಸಿನ ಮೇಲೆ ಒರಗಿದ್ದ ಮುರ್ತುಜಾಸಾಬರು ಮೀಸೆಯಲ್ಲೇ ನಕ್ಕರು. “ಸಾಹೇಬ್ರ, ಆಕಿ ಕೂಡ ವಾದಕ್ಕ ನಿಂದರಬ್ಯಾಡ್ರಿ. ನಾನ ಗೆದ್ದಿಲ್ಲ ಇನ್ನಾ.”

ಹೀಗೆ ಶುರುವಾಯಿತು. ಪ್ರತಿ ಮಂಗಳವಾರ, ಶುಕ್ರವಾರ ದವಾಖಾನೆ ಮುಗಿಸಿ ಅವನು ಬರುತ್ತಿದ್ದ. ಎದೆ ಹೊಡೆದುಕೊಳ್ಳುತ್ತದೆ, ನಿದ್ದೆ ಬರುವುದಿಲ್ಲ, ಉಸಿರು ಕಟ್ಟುತ್ತದೆ ಎಂದು ಬಂದ ಹೆಂಗಸರನ್ನು ಮೊದಲು ಅವನು ಎದೆಗೆ ಸ್ಟೆತಾಸ್ಕೋಪ್ ಹಚ್ಚಿ ಪರೀಕ್ಷಿಸುತ್ತಿದ್ದ. ಹೃದಯದಲ್ಲಿ ದೋಷವಿದ್ದವರನ್ನು ವಿಜಾಪುರಕ್ಕೆ ಕಳಿಸುತ್ತಿದ್ದ. ಉಳಿದವರ ನಾಡಿಯನ್ನು ಸುಮ್ಮನೆ ಮಲಗಿಸಿ ಒಂದು ದಿನ, ನಜಮಾ ಕೈ ಹಚ್ಚಿದಾಗ ಒಂದು ದಿನ ಎಣಿಸಿ ಬರೆಯುತ್ತಿದ್ದ.

“ತಲಿಬುರುಡಿ ಬುಡದಿಂದ ಒಂದು ನರ ಎದಿಗೆ ಇಳದಾದ,” ಎಂದು ಒಂದು ದಿನ ಹೇಳಿದ. “ಅದು ಹೃದಯದ ಲಗಾಮು ಇದ್ದಂಗ. ಓಟ ಜೋರಾದ್ರ ಅದು ಹಿಡದು ತಡೀತದ. ನಿಮ್ಮ ಕೈ ಆ ಲಗಾಮಿಗೆ ಹೆಂಗೋ ಸುದ್ದಿ ಮುಟ್ಟಸ್ತದ ಅಂತ ನನಗನಸ್ತದ. ಪಕ್ಕಾ ಅಂತ ಹೇಳಲಾರೆ. ಇಂಗ್ಲೆಂಡ್, ಅಮೆರಿಕಾದಾಗ ಹಿಂಗ ಬರೇ ಕೈಲೆ ಚಿಕಿತ್ಸಾ ಮಾಡೋರು ಅದಾರ. ಆಸ್ಟಿಯೋಪಥಿ ಅಂತಾರ. ಅದಕ್ಕ ದೊಡ್ಡ ದೊಡ್ಡ ಕಾಲೇಜು ಅದಾವ.”

“ಕಾಲೇಜು?” ನಜಮಾಳ ಕಣ್ಣುಗಳು ಅರಳಿದವು. “ನಮ್ಮಪ್ಪ ಕಲತದ್ದನ್ನ ಅಲ್ಲೆ ಕಾಲೇಜಿನಾಗ ಕಲಸ್ತಾರಾ?”

“ಹೆಣ್ಣುಮಕ್ಕಳೂ ಕಲೀತಾರ.”

ಆ ದಿನ ಸಂಜೆಯ ತನಕ ನಜಮಾ ತನ್ನ ಕೈಗಳನ್ನು ಮತ್ತೆ ಮತ್ತೆ ನೋಡಿಕೊಂಡಳು. ಇವು ಮಂದಿ ಮೈ ಮುಟ್ಟುವ ಕೈ ಅಲ್ಲ... ಕಾಲೇಜಿನ ವಿದ್ಯೆ ಇರುವ ಕೈ!

ಮೂರು ತಿಂಗಳಲ್ಲಿ ಮೂವತ್ತೊಂದು ಹೆಂಗಸರಾದರು. ಸುಮ್ಮನೆ ಮಲಗಿದಾಗ ನಾಡಿ ಆರೇಳು ಇಳಿಯುತ್ತಿತ್ತು. ನಜಮಾ ಕೈ ಹಚ್ಚಿದ ದಿನ ಹದಿನಾಲ್ಕು, ಹದಿನೈದು. ಐದು ಜನರಿಗೆ ಮಾತ್ರ ಏನೂ ವ್ಯತ್ಯಾಸವಾಗಿರಲಿಲ್ಲ.

“ಆ ಐದು ಮಂದೀ ಹೆಸರೂ ಬರೀರಿ,” ಎಂದಳು ನಜಮಾ. “ಬಿಟ್ರ ಉಳದದ್ದೂ ಸುಳ್ಳಾಕ್ಕತಿ.”

ಅವನು ಬರೆದ. ಬರೆಯುತ್ತ ಬರೆಯುತ್ತ ಪೆನ್ನು ನಿಂತುಹೋಯಿತು. ಇಂಥ ನೇರ ಹುಡುಗಿಯನ್ನು ಅವನು ಜೀವಮಾನದಲ್ಲಿ ನೋಡಿರಲಿಲ್ಲ.

“ಗಡಿಯಾರ ಇಲ್ಲದ ಹೆಂಗ ಎಣಸ್ತೀರಿ ನೀವು?” ಎಂದು ಕೇಳಿದ ಮೆಲ್ಲಗೆ.

“ಅಬ್ಬಾ ಕಲಿಸ್ಯಾರ. ಕೈ ಕೊಡ್ರಿ.”

ತಂದೆಯ ಎದುರೇ ಅವನ ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟಳು. ಅವಳ ಹುಬ್ಬು ಗಂಟಿಕ್ಕಿತು.

“ನೂರರ ಹತ್ತರ ಐತಲ್ರೀ! ಓಡಿ ಬಂದೀರೇನು?”

“ಇಲ್ಲ... ತಾಸಾತು, ಇಲ್ಲೇ ಕುಂತೇನಿ.”

“ಮತ್ತ ಯಾಕ್ರಿ ಹಿಂಗ...”

ಕೇಳುತ್ತ ಕೇಳುತ್ತಲೇ ಅವಳಿಗೆ ಅರ್ಥವಾಯಿತು. ಕೆಂಡ ಮುಟ್ಟಿದವಳಂತೆ ಕೈ ಬಿಟ್ಟಳು. ಹೊರಸಿನ ಮೇಲಿನಿಂದ ಮುರ್ತುಜಾಸಾಬರ ಕೆಮ್ಮು ಕೇಳಿಸಿತು. ಸೈಫುದ್ದೀನ ನೋಟ್‌ಬುಕ್ಕನ್ನು ತಲೆಕೆಳಗು ಹಿಡಿದುಕೊಂಡು ಹೊರಟುಹೋದ.

'ಯಾ ಅಲ್ಲಾ... ಇದೇನಾತು ನನಗ?' ಎಂದುಕೊಂಡಳು ನಜಮಾ. ಈಗ ಓಡುತ್ತಿದ್ದದ್ದು ಅವಳ ಎದೆ!

ಆದರೆ ಆ ಸಂತೋಷ ಹದಿನೈದು ದಿನ ಕೂಡ ಉಳಿಯಲಿಲ್ಲ.

ಒಂದು ಮಂಗಳವಾರ ಸೈಫುದ್ದೀನ ಬರಲಿಲ್ಲ. ಶುಕ್ರವಾರವೂ ಬರಲಿಲ್ಲ. ಶನಿವಾರ ಅಂಚೆಯವನು ಒಂದು ಪತ್ರ ತಂದುಕೊಟ್ಟ. ಧರ್ಮಾರ್ಥ ಸಂಸ್ಥೆಯ ಮುದ್ರೆ, ಕೆಳಗೆ ಅಧ್ಯಕ್ಷ ಈರಯ್ಯನವರ ಸಹಿ.

ನಜಮಾ ನಿಂತಲ್ಲೇ ಓದಿದಳು.

'ಟಿಕೋಟಾದ ನಜಮಾ ಎಂಬ ಹೆಂಗಸು ಯಾವ ಶಿಕ್ಷಣವೂ ಇಲ್ಲದೆ ಮೂವತ್ತೊಂದು ಹೆಂಗಸರ ಕುತ್ತಿಗೆ, ಎದೆಗೆ ಕೈ ಹಚ್ಚಿದ್ದು ನಮ್ಮ ಗಮನಕ್ಕೆ ಬಂದಿದೆ. ಇಂಥ ಮೋಸ ಮುಂದುವರಿದರೆ ಪೊಲೀಸರಿಗೆ ತಿಳಿಸಲಾಗುವುದು.'

ಮೋಸ!

ಮೂವತ್ತೊಂದು... ಆ ಸಂಖ್ಯೆ ಮೂವರಿಗೆ ಮಾತ್ರ ಗೊತ್ತಿತ್ತು. ಅವಳಿಗೆ, ಅಬ್ಬಾನಿಗೆ... ಮತ್ತೆ ಅವನಿಗೆ.

ಪತ್ರವನ್ನು ಮಡಚಿ ಸೆರಗಿಗೆ ಸಿಕ್ಕಿಸಿಕೊಂಡಳು. 'ಮೂರು ತಿಂಗಳು ನನ್ನ ಅಂಗಳದಾಗ ಕುಂತು, ನನ್ನ ಕೈಲೆ ಚಹಾ ಕುಡದು... ಇದಕ್ಕೇನು ಬರಕೊಂಡದ್ದು?'

ಅದೇ ಮಧ್ಯಾಹ್ನ ಬಾಗಿಲು ತಟ್ಟಿದ ಸದ್ದಾಯಿತು. ಸೈಫುದ್ದೀನ! ಮುಖ ಬಾಡಿತ್ತು. ಗಡ್ಡ ಬೆಳೆದಿತ್ತು.

“ನಜಮಾ ಅವರ, ನಿಮಗೊಂದು ಮಾತು ಹೇಳಬೇಕಾಗ್ಯಾದ...”

“ನಾ ಕೇಳಿದ್ದಕ್ಕ ಮದಲ ಜವಾಬು ಕೊಡ್ರಿ!” ಅವಳ ದನಿ ನಡುಗಲಿಲ್ಲ. “ನನ್ನ ಹೆಸರು ಅವರ ಮುಂದ ಹೇಳಿದವರು ನೀವೇನು? ಹೌದೋ, ಅಲ್ಲೋ?”

“ಹೌದು. ಆದ್ರ...”

ಬಾಗಿಲು ಧಡಾರನೆ ಮುಚ್ಚಿತು.

“ನಜಮಾ! ಒಂದ ಮಾತು ಕೇಳ್ರಿ...”

“ಇನ್ನ ಈ ಅಂಗಳಕ್ಕ ಕಾಲಿಡಬ್ಯಾಡ್ರಿ, ಡಾಕ್ಟರ ಸಾಹೇಬ್ರ!”

ಬಹಳ ಹೊತ್ತಿನ ಮೇಲೆ ಹೆಜ್ಜೆಯ ಸದ್ದು ದೂರವಾಯಿತು. ಆಗ ಅವಳು ಬಾಗಿಲಿಗೆ ಒರಗಿ ಕುಸಿದು ಕೂತಳು. ಅತ್ತಳು. ಸಿಟ್ಟಿನಿಂದ ಅತ್ತಳು, ಅಳುತ್ತಿರುವುದಕ್ಕೆ ಇನ್ನೂ ಸಿಟ್ಟಾಗಿ ಅತ್ತಳು.

“ಮಗಳ,” ಎಂದರು ಮುರ್ತುಜಾಸಾಬರು. “ಆ 'ಆದ್ರ' ಅಂದ ಮ್ಯಾಲ ಏನ ಹೇಳಾವಿದ್ನೋ... ಕೇಳಬೇಕಿತ್ತು ನೀ.”

“ಬ್ಯಾಡ ಅಬ್ಬಾ. ನನ್ನ ಮೋಸಗಾರ್ತಿ ಅಂತ ಬರೆಸಿದವರ ಮಾತು ನನಗ ಬ್ಯಾಡ.”

ಮರುದಿನ ಬೆಳಿಗ್ಗೆ ಅಂಗಳದಲ್ಲಿ ಆರು ಹೆಂಗಸರು ಕೂತಿದ್ದರು. ನಜಮಾ ಮುಖ ತೊಳೆದು, ತಲೆ ಬಾಚಿ, ಆ ಪತ್ರ ಹಿಡಿದು ಹೊರಗೆ ಬಂದಳು. ಒಂದು ಅಕ್ಷರ ಬಿಡದೆ ಎಲ್ಲರಿಗೂ ಕೇಳುವಂತೆ ಓದಿದಳು.

“ಕೇಳಿದ್ರೆಲ್ಲಾ? ನನ್ನ ಕಡೆ ಬಂದ್ರ ಪೊಲೀಸರು ಬಂದರೂ ಬರಬಹುದು. ಹೋಗೋರು ಹೋಗ್ರಿ, ನನಗ ಸಿಟ್ಟಿಲ್ಲ. ಆದ್ರ ನಾ ಕೈ ನಿಲ್ಲಿಸಂಗಿಲ್ಲ.”

ಹೆಂಗಸರು ಮುಖ ಮುಖ ನೋಡಿಕೊಂಡರು. ಆಮೇಲೆ ಹಿಂದಿನಿಂದ ಶಂಕ್ರೆವ್ವ ಎದ್ದು ಬಂದು ಚಾಪೆಯ ಮೇಲೆ ಅಂಗಾತ ಮಲಗಿಬಿಟ್ಟಳು.

“ಏ ನಜಮಾ, ಪೊಲೀಸರು ಬರೂದ್ರಾಗ ನನ್ನ ಬೆನ್ನೊಂದು ನೋಡಬೇ. ನಿನ್ನೆಯಿಂದ ಹಿಡಕೊಂಡೇತಿ!”

ಎಲ್ಲರೂ ನಕ್ಕರು. ನಜಮಾಳೂ ನಕ್ಕಳು. ಆದರೆ ಎದೆಯೊಳಗೆ ಏನೋ ಮುರಿದದ್ದು ಮುರಿದೇ ಇತ್ತು. ಅದನ್ನು ಕೂಡಿಸುವ ವಿದ್ಯೆ ಅಬ್ಬಾ ಕಲಿಸಿರಲಿಲ್ಲ.

ಡಾಕ್ಟರ ಬಬಲೇಶ್ವರದ ದವಾಖಾನೆಗೆ ಹೋದನಂತೆ ಎಂದು ಊರಲ್ಲಿ ಸುದ್ದಿಯಾಯಿತು. ಅವಳು ಕೇಳಿಯೂ ಕೇಳದವಳಂತೆ ಇದ್ದಳು.

ಎರಡು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಅಂಗಳದ ಮುಂದೆ ಜೀಪು ನಿಂತಿತು. ಇಳಿದವಳು ಐವತ್ತರ ಹೆಂಗಸು. ಕೈತುಂಬ ಹಸಿರು ಬಳೆ, ಅತ್ತು ಕೆಂಪಾದ ಕಣ್ಣು.

“ನಜಮಾ ಅಂದ್ರ ನೀನ ಏನ ತಾಯಿ? ನಾನು ಬಬಲೇಶ್ವರದ ರುದ್ರವ್ವ. ನಮ್ಮ ಮನಿಯವರಿಗೆ ಎದಿ ಓಡಾಕತ್ತು ಎರಡ ದಿನಾತು. ದೊಡ್ಡ ದವಾಖಾನಿಗೆ ನಡೀರಿ ಅಂದ್ರ ಒಲ್ಲೆ ಅಂತಾರ. ಅವರಪ್ಪ ದವಾಖಾನಿಗೆ ಹೋದಾವ ತಿರುಗಿ ಬರಲಿಲ್ಲಂತ ಹೆದರಿಕಿ. ನೀ ಬಂದು ಕೈ ಹಚ್ಚವಾ... ನಿನ್ನ ಕಾಲ ಹಿಡೀತೇನಿ!”

ಬಬಲೇಶ್ವರ! ನಜಮಾಳ ಮನಸ್ಸು ಒಮ್ಮೆ ಹಿಂಜರಿಯಿತು. ಒಂದೇ ಕ್ಷಣ. ರುದ್ರವ್ವನ ಕಣ್ಣು ನೋಡಿ ಚಾದರ ಹೊದ್ದು ಜೀಪು ಹತ್ತಿದಳು.

ಬಬಲೇಶ್ವರದ ಆ ದೊಡ್ಡ ಮನೆಯ ಪಡಸಾಲೆಯಲ್ಲಿ ರುದ್ರವ್ವನ ಗಂಡ ಅಮರಪ್ಪ ಗೋಡೆಗೆ ಒರಗಿ ಕೂತಿದ್ದರು. ಸುತ್ತ ಹತ್ತಾರು ಜನ. ನಜಮಾ ಅವರ ಮಣಿಕಟ್ಟು ಹಿಡಿದು ಕಣ್ಣು ಮುಚ್ಚಿದಳು.

ಎರಡು ಬಡಿತ... ಬಿಡುವು... ಒಂದು... ಥಟ್ಟನೆ ಮೂರು... ಮತ್ತೆ ದೀರ್ಘ ಬಿಡುವು. ತಾಳವೇ ಇರಲಿಲ್ಲ.

ಅವಳು ಕೈ ಬಿಟ್ಟು ಎದ್ದು ನಿಂತಳು.

“ಇವರಿಗೆ ನಾ ಕೈ ಹಚ್ಚಂಗಿಲ್ರಿ. ಈಗಿಂದೀಗ ವಿಜಾಪುರಕ್ಕ ಕರಕೊಂಡು ನಡೀರಿ.”

“ಏನಂದಿ?” ರುದ್ರವ್ವನ ತಮ್ಮ ಹಣಮಂತ ಮುಂದೆ ಬಂದ. ಜೀಪು ಓಡಿಸಿಕೊಂಡು ಬಂದವನು ಅವನೇ. “ಅಷ್ಟ ದೂರದಿಂದ ಕರಕೊಂಡು ಬಂದೇವಿ, ಮುಟ್ಟಿ ನೋಡಿ ಆಗಂಗಿಲ್ಲ ಅಂತೀಯಲ್ಲ! ಹೆಸರು ಇಷ್ಟ ಏನು ನಿಂದು?”

“ಹೆಸರು ಹಾಳಾಗ್ಲಿ!” ಎಂದಳು ನಜಮಾ ಅಷ್ಟೇ ಜೋರಾಗಿ. “ಓಡೋ ಎದಿ ಬ್ಯಾರೆ, ಹೆಜ್ಜಿ ತಪ್ಪಿದ ಎದಿ ಬ್ಯಾರೆ. ಓಡೋದನ್ನ ನನ್ನ ಕೈ ಸಮಾಧಾನ ಮಾಡತೈತಿ. ಹೆಜ್ಜಿ ತಪ್ಪಿದ್ದಕ್ಕ ಔಷಧ ಬೇಕು, ದೊಡ್ಡ ಡಾಕ್ಟರು ಬೇಕು. ಇಲ್ಲೆ ನಾ ಕೈ ಹಚ್ಚಿ ಕುಂತ್ರ ಇವರ ಹೊತ್ತು ಕಳದಂಗಾಕ್ಕತಿ. ಅದು ಮೋಸ. ನಾ ಮೋಸ ಮಾಡಾಕಿ ಅಲ್ಲ!”



ಅಮರಪ್ಪ ಉಸಿರೆಳೆದುಕೊಳ್ಳುತ್ತ ಅವಳನ್ನೇ ನೋಡಿದರು. “ಆ ಡಾಕ್ಟರ ಹೇಳಿದ್ದು... ಖರೇನ ಆತು ನೋಡು...”

“ಯಾವ ಡಾಕ್ಟರ್ರಿ?”

ರುದ್ರವ್ವ ಕಣ್ಣೊರೆಸಿಕೊಂಡಳು. “ಇಲ್ಲೀ ಡಾಕ್ಟರ, ಸೈಫುದ್ದೀನ. ನಿನ್ನೆನ ಬಂದು ವಿಜಾಪುರಕ್ಕ ನಡೀರಿ ಅಂತ ಕೈ ಮುಗದ. ಇವರು ಕೇಳಲಿಲ್ಲ, ಟಿಕೋಟಾದಾಕೀನ್ನ ಕರಸ್ರಿ ಅಂದ್ರು. ಅದಕ್ಕ ಅಂವ ಅಂದ, 'ಕರಸ್ರಿ. ಖರೆ ಆಕಿ ಕೈ ಹಚ್ಚಂಗಿಲ್ಲ. ನಾಡಿ ಹಿಡದ ಕೂಡಲೆ ವಿಜಾಪುರಕ್ಕ ನಡೀರಿ ಅಂತಾಳ. ಆಕಿ ಹೇಳಿದ ಮ್ಯಾಲರೆ ನಡೀರಿ' ಅಂತ.”

ನಜಮಾಳ ಎದೆ ಝಲ್ಲೆಂದಿತು.

'ನಾ ಏನು ಮಾಡತೇನಿ ಅನ್ನೂದು ಅವರಿಗೆ ಗೊತ್ತಿತ್ತಾ? ಮೋಸಗಾರ್ತಿ ಅಂತ ತಿಳದವರು ಹಿಂಗ ಹೇಳತಾರಾ?'

“ನಿನ್ನ ಸಲುವಾಗೇ ಅಲ್ಲೇನು ಅಂವನ್ನ ಇಲ್ಲಿಗೆ ಒಗದದ್ದು?” ಎಂದಳು ರುದ್ರವ್ವ ಸಹಜವಾಗಿ. “ಊರಿಗೆಲ್ಲಾ ಗೊತ್ತೈತಿ. ನಿಂದು ಬರೇ ಮೋಸ ಅಂತ ಬರದ ಕಾಗದಕ್ಕ ಸಹಿ ಹಾಕು ಅಂದ್ರಂತ ಈರಯ್ಯನವರು. ಹಾಕಂಗಿಲ್ಲ ಅಂದನಂತ.”

ಮೂಲೆಯ ಹಳೆಯ ಗೋಡೆ ಗಡಿಯಾರದ ಸದ್ದು ಮಾತ್ರ ನಜಮಾಳಿಗೆ ಕೇಳಿಸುತ್ತಿತ್ತು. ಅಂದು ಬಾಗಿಲ ಹೊರಗೆ ಉಳಿದುಹೋದ ಮಾತು ಇದಾಗಿತ್ತೆ?

“ಹಂಗಾದ್ರ ನಡೀರಿ,” ಎಂದು ಅಮರಪ್ಪ ತಾವೇ ಗೋಡೆ ಹಿಡಿದು ಏಳಲು ನೋಡಿದರು. “ಕೈ ಹಚ್ಚಾಕಿನ ಹಚ್ಚಂಗಿಲ್ಲ ಅಂದ ಮ್ಯಾಲ... ಇನ್ನೇನ ಉಳೀತು.”

ಹಣಮಂತ ಜೀಪು ತಿರುಗಿಸಿದ. ದವಾಖಾನೆಯ ಮುಂದೆ ನಿಂತಾಗ ಸೈಫುದ್ದೀನ ಮೊದಲೇ ಚೀಲ ಹಿಡಿದು ಕಾಯುತ್ತಿದ್ದ. ಒಳಗೆ ನಜಮಾಳನ್ನು ಕಂಡು ಒಂದು ಗಳಿಗೆ ನಿಂತ. ಹತ್ತಿ ಅಮರಪ್ಪನ ಪಕ್ಕದಲ್ಲಿ ಕೂತ.

ವಿಜಾಪುರದ ದಾರಿಯುದ್ದಕ್ಕೂ ಒಂದು ಕಡೆ ಅವನು, ಇನ್ನೊಂದು ಕಡೆ ಅವಳು, ನಡುವೆ ಅಮರಪ್ಪನ ತಲೆ. ಅವರು ಹೆದರಿ ಉಸಿರುಗಟ್ಟಿದಾಗಲೆಲ್ಲ ನಜಮಾ ಕೈ ಹಿಡಿದು, “ಬಂತ್ರಿ ಕಾಕಾ, ಊರು ಬಂತು,” ಎನ್ನುತ್ತಿದ್ದಳು. ಅವನ ಕಣ್ಣು ಅವಳನ್ನು ಹುಡುಕಿದಾಗ ಅವಳು ಹೊರಗೆ ನೋಡುತ್ತಿದ್ದಳು. ಅವಳ ಕಣ್ಣು ಹುಡುಕಿದಾಗ ಅವನು ಗಡಿಯಾರ ನೋಡುತ್ತಿದ್ದ.

ದೊಡ್ಡಾಸ್ಪತ್ರೆಯಲ್ಲಿ ಸಲೈನು, ಇಂಜೆಕ್ಷನ್ನು ಎಲ್ಲ ನಡೆಯಿತು. ಮರುದಿನ ಬೆಳಿಗ್ಗೆ ಡಾಕ್ಟರು ಹೊರಗೆ ಬಂದು, “ಜೀವಕ್ಕೇನೂ ಅಪಾಯ ಇಲ್ಲ. ಅರ್ಧ ದಿನ ತಡ ಆಗಿದ್ರ ಹೇಳಾಕ ಬರ್ತಿರಲಿಲ್ಲ,” ಎಂದಾಗ ರುದ್ರವ್ವ ನಜಮಾಳನ್ನು ಅಪ್ಪಿಕೊಂಡು ಗೊಳೋ ಎಂದು ಅತ್ತಳು.

ಅಷ್ಟರಲ್ಲೇ ಈರಯ್ಯನವರು ಬಂದರು. ಬಿಳಿ ಧೋತರ, ಕರಿ ಕೋಟು, ಹಿಂದೆ ಸಂಸ್ಥೆಯ ಇಬ್ಬರು ಪಂಚರು. ಅಮರಪ್ಪ ಅವರಿಗೆ ಬೇಕಾದವರು.

ವರಾಂಡದಲ್ಲಿ ಸೈಫುದ್ದೀನನನ್ನು ಕಂಡು ಹೆಗಲ ಮೇಲೆ ಕೈ ಇಟ್ಟರು. “ಶಾಬಾಸ್! ವೇಳ್ಯಾಕ್ಕ ಸರಿಯಾಗಿ ತಂದಿ. ಆಗಿದ್ದು ಆಗಿಹೋತು. ಆ ಕಾಗದಕ್ಕ ಒಂದು ಸಹಿ ಹಾಕಿಬಿಡು. ನಾಳೆನ ಟಿಕೋಟಾಕ್ಕ ವಾಪಸ್ ಬಾ.”

ಸೈಫುದ್ದೀನ ಬಾಯಿ ತೆರೆಯುವ ಮೊದಲೇ ನಜಮಾ ನಡುವೆ ಬಂದು ನಿಂತಳು.

“ಆ ಕಾಗದದಾಗ ಇರೂ ನಜಮಾ ನಾನ ಇದ್ದೇನ್ರಿ.”

ಈರಯ್ಯನವರು ಅವಳನ್ನು ಮೇಲಿನಿಂದ ಕೆಳಗೆ ನೋಡಿದರು.

“ಮೂವತ್ತೊಂದು ಹೆಂಗಸರಿಗೆ ಕೈ ಹಚ್ಚೇನಿ ಅಂತ ಬರದೀರಿ. ಖರೇ ಐತಿ. ಅವರ ನಾಡಿ ಎಷ್ಟು ಇಳೀತು, ಯಾರದು ಇಳೀಲಿಲ್ಲ ಅಂತನೂ ಬರದೈತಿ ಆ ನೋಟ್‌ಬುಕ್ಕಿನಾಗ. ಅದನ್ನ ಓದೀರೇನ್ರಿ ನೀವು?”

“ಅದನ್ನ ಓದೂದೇನೈತಿ...”

“ಓದದ ಮೋಸ ಅಂತ ಹೆಂಗ ಬರದ್ರಿ? ಸುಳ್ಳಿದ್ರ ನಿಮ್ಮ ಡಾಕ್ಟರನ್ನೂ ಕರಸ್ರಿ, ಟಿಕೋಟಾದ ಅಂಗಳದಾಗ ಕುಂದರಿಸಿ ಎಣಸ್ರಿ. ಖರೆ ಓದದ, ನೋಡದ ನನಗ ಮೋಸಗಾರ್ತಿ ಅನ್ನಬ್ಯಾಡ್ರಿ. ನಿಮ್ಮ ಮನ್ಯಾಗಿನ ಹೆಣ್ಣುಮಕ್ಕಳಿಗೆ ಯಾರರೆ ಹಂಗ ಬರದ್ರ ಸುಮ್ಮನಿರ್ತೀರೇನು?”

ವರಾಂಡದ ಜನವೆಲ್ಲ ನಿಂತು ನೋಡುತ್ತಿತ್ತು. ರುದ್ರವ್ವ ಸೆರಗು ಸಿಕ್ಕಿಸಿ ಮುಂದೆ ಬಂದಳು. “ಈಕಿ ಇರಲಿಲ್ಲಂದ್ರ ನಾ ಇವತ್ತ ಬಳಿ ಒಡೀಬೇಕಿತ್ತು, ಈರಯ್ಯನವರ! ನೆನಪಿರ್ಲಿ.”

ಈರಯ್ಯನವರು ಸೈಫುದ್ದೀನನ ಕಡೆ ತಿರುಗಿದರು. “ನೀ ಏನಂತಿ?”

“ಅವತ್ತ ಹೇಳಿದ್ದ ಇವತ್ತೂ ಹೇಳ್ತೇನ್ರಿ. ಸಹಿ ಹಾಕಂಗಿಲ್ಲ. ರಾಜೀನಾಮೆ ಬೇಕಾದ್ರ ಈಗ ಬರದು ಕೊಡ್ತೇನಿ.”

ಈರಯ್ಯನವರು ಕೋಟು ಸರಿಮಾಡಿಕೊಂಡು, “ಬರದು ಕೊಡು,” ಎಂದಷ್ಟೇ ಹೇಳಿ ಒಳಗೆ ನಡೆದರು.

ಹೊರಗೆ ಆಸ್ಪತ್ರೆಯ ಅಂಗಳದಲ್ಲಿ ಬೇವಿನ ಮರದ ಕೆಳಗೆ ಚಹಾದ ಗಾಡಿ ಇತ್ತು. ಸೈಫುದ್ದೀನ ಎರಡು ಕಪ್ಪು ತಂದ. ಒಂದನ್ನು ಅವಳ ಮುಂದೆ ಕಟ್ಟೆಯ ಮೇಲಿಟ್ಟು ದೂರವೇ ನಿಂತ.

“ಅವತ್ತ ಆ 'ಆದ್ರ' ಅಂದ ಮ್ಯಾಲ ಏನ ಹೇಳಾವ್ರಿದ್ರಿ?” ಕೇಳಿದಳು ನಜಮಾ.

“ವಿಜಾಪುರದ ಡಾಕ್ಟರ ಸಭಾದಾಗ ನಿಮ್ಮ ಹೆಸರು ಹೇಳಿದೆ, ನೋಟ್‌ಬುಕ್ಕು ತೋರಿಸಿದೆ. ಹೆಮ್ಮೀಲೆ ಹೇಳಿದೆ ನಜಮಾ... ಇದು ನನ್ನ ವಿದ್ಯಾ ಅಲ್ಲ, ಆಕಿದು ಅಂತ. ಅವರು ನಕ್ಕರು. ಆಮ್ಯಾಲ ಪಂಚರಿಗೆ ಚಾಡಿ ಹೋತು. ಅಷ್ಟ ಆಗಿದ್ದು.”

ಅವಳು ಕಟ್ಟೆಯ ಮೇಲಿನ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

“ಬಾಗಲಾ ಹಾಕಿದ್ದು ನನ್ನ ತಪ್ಪು,” ಎಂದಳು. “ಕೇಳಬೇಕಿತ್ತು. ಆದ್ರ ನಿಮ್ಮದೂ ಒಂದು ತಪ್ಪೈತಿ. ನನ್ನ ಹೆಸರು ಹೇಳಿದ್ದು ತಪ್ಪಲ್ಲ. ನನ್ನ ಕೇಳದ ಹೇಳಿದ್ರಲ್ಲ, ಅದು. ಕೈ ನಂದು, ಹೆಸರು ನಂದು. ಹೇಳಲೇನು ಅಂತ ಒಂದ ಮಾತು ಕೇಳಿದ್ರ ನಾನ ನಿಮ್ಮ ಜೋಡಿ ಆ ಸಭಾಕ್ಕ ಬರ್ತಿದ್ದೆ. ನಗೋರ ಮುಂದ ನಾನೂ ನಿಂದರ್ತಿದ್ದೆ.”

ಸೈಫುದ್ದೀನ ತಲೆ ತಗ್ಗಿಸಿದ. “ಖರೇ. ತಪ್ಪಾತು. ಎರಡು ತಿಂಗಳಿಂದ ದಿನಾ ಅದನ್ನ ನೆನಸ್ಕೋತೇನಿ.”

“ಅಷ್ಟೇನೂ ನೆನಸ್ಕೋಬ್ಯಾಡ್ರಿ,” ಎಂದಳು ಅವಳು. ದನಿ ಸ್ವಲ್ಪ ಮೆತ್ತಗಾಗಿತ್ತು. “ಚಹಾ ಆರಾಕತ್ತೇತಿ.”

ಅವನು ಬಂದು ಕಟ್ಟೆಯ ಇನ್ನೊಂದು ತುದಿಯಲ್ಲಿ ಕೂತ.

“ನಜಮಾ, ನನಗೀಗ ನೌಕರಿ ಇಲ್ಲ. ಟಿಕೋಟಾದಾಗ ಎರಡು ಖೋಲಿ ಹಿಡದು ಸ್ವಂತ ದವಾಖಾನಿ ಹಾಕೂ ವಿಚಾರ ಅದ. ಒಂದು ಖೋಲಿ ನಂದು, ಒಂದು ನಿಮ್ಮದು. ಬಾಗಲದಾಗ ಇಬ್ಬರ ಹೆಸರೂ.” ಅವನು ತಡೆದ. “ಈ ಸಲ ಕೇಳಿನ ಮುಂದ ಹೋಗ್ತೇನಿ. ನಿಮ್ಮ ಅಬ್ಬಾರ ಹತ್ತರ ಒಂದು ಮಾತು ಕೇಳಾಕ ಬರಲೇನು?”

“ಅಬ್ಬಾರನ್ನ ಆಮ್ಯಾಲ ಕೇಳೀರಂತ. ಅದಕ್ಕೂ ಮದಲ ಯಾರನ್ನ ಕೇಳಬೇಕು?”

ಸೈಫುದ್ದೀನ ಕಪ್ಪು ಕೆಳಗಿಟ್ಟು ಎದ್ದು ನಿಂತ. ಚಹಾ ಕುಡಿಯುತ್ತಿದ್ದ ನಾಲ್ಕು ಜನ ನೋಡುತ್ತಿದ್ದರು. ಅವನಿಗೆ ಪರಿವೆ ಇರಲಿಲ್ಲ.

“ನಜಮಾ, ನನ್ನ ಲಗ್ನಾ ಆಗ್ತೀರೇನು?”

ಎಷ್ಟೋ ಧೈರ್ಯದ ಮಾತಾಡಿದ ಆ ಹುಡುಗಿಯ ಕಣ್ಣು ಈಗ ತುಂಬಿ ಬಂತು.

“ಲಗ್ನಾ ಆದ ಮ್ಯಾಲೂ ನನ್ನ ಕೈ ನಿಲ್ಲಂಗಿಲ್ರಿ.”

“ನಿಂತ್ರ ನಾ ಮಾತು ಬಿಡ್ತೇನಿ.”

“ಅಬ್ಬಾ ನನ್ನ ಕೂಡನ ಇರ್ತಾರ.”

“ಅವರು ನನ್ನ ನೋಡಿ ಮೀಸ್ಯಾಗ ನಗಬಾರದಷ್ಟ.”

ಅವಳು ಅಳುತ್ತಲೇ ನಕ್ಕಳು. “ಹಂಗಾದ್ರ... ಆಗ್ತೇನಿ.”

ಇಬ್ಬರೂ ಆರಿದ ಚಹಾ ಕುಡಿದು ಮುಗಿಸಿದರು. ಆಮೇಲೆ ಸೈಫುದ್ದೀನನೇ ನಿಟ್ಟುಸಿರು ಬಿಟ್ಟ.

“ಒಂದ ಅದ. ಅಮ್ಮಾ ಅಷ್ಟು ಲಗೂನ ಒಪ್ಪಾಕಿ ಅಲ್ಲ. ಡಾಕ್ಟರ ಮಗನಿಗೆ ಡಾಕ್ಟರ ಸೊಸೀನ ತರಬೇಕು ಅಂತ ಗಾಂಧಿ ಚೌಕಕ್ಕೆಲ್ಲಾ ಹೇಳಿಟ್ಟಾಳ.”

“ಹೆದರ್ತೀರೇನು ಅವರಿಗೆ?”

“ಈರಯ್ಯನವರಿಗೆ ಹೆದರಂಗಿಲ್ಲ. ಅಮ್ಮಾಗ... ಭಾಳ.”

ನಜಮಾ ಮುಖ ಒರೆಸಿಕೊಂಡು, ಚಾದರ ಸರಿಯಾಗಿ ಹೊದ್ದು ಎದ್ದಳು. “ನಡೀರಿ ಮತ್ತ. ಗಾಂಧಿ ಚೌಕ ಇಲ್ಲಿಂದ ಎಷ್ಟ ದೂರ? ನಾನ ಬಂದು ಕೇಳ್ತೇನಿ.”

“ಏನಂತ?”

“ನಿಮ್ಮ ಮಗನ್ನ ನನಗ ಕೊಡ್ರಿ ಅಂತ!”

“ಹುಡುಗಿ ಹೋಗಿ ಹುಡುಗನ್ನ ಕೇಳೂದಾ?” ಅವನು ಬೆರಗಾಗಿ ನಕ್ಕ. “ಮಂದಿ ಏನಂದಾರು?”

“ಅನ್ನಲಿ ಬಿಡ್ರಿ.”

ಇಬ್ಬರೂ ಗೇಟು ದಾಟಿ ಟಾಂಗಾಗಳು ಓಡಾಡುವ ರಸ್ತೆಗೆ ಬಂದರು.

“ನಜಮಾ... ಅಮ್ಮಾ ಇಲ್ಲ ಅಂದ್ರ?”

“ನಾಳೆ ಮತ್ತ ಬಂದು ಕೇಳ್ತೇನಿ.”

“ನಾಳೆನೂ ಇಲ್ಲ ಅಂದ್ರ?”

“ನಾಡದು.”

“ಅಲ್ಲೀತನಾ ನಾ ಏನು ಮಾಡ್ಲಿ?”

ನಜಮಾ ನಿಂತು ಅವನ ಮುಖ ನೋಡಿದಳು. ಆ ನೋಟದಲ್ಲಿ ಈಗ ಸಿಟ್ಟಿರಲಿಲ್ಲ, ಬಿಗುಮಾನವೂ ಇರಲಿಲ್ಲ.

“ನನ್ನ ಬಾಜೂಕ ನಿಂದರ್ರಿ,” ಎಂದಳು ಮೆಲ್ಲಗೆ. “ನನಗ ಅಷ್ಟ ಸಾಕು.”